ಎಡಗಡೆ

ಕಿಸುಮುವಿನ ನಮ್ಮ ಕಾಲೇಜಿನಲ್ಲಿ ಯಂತ್ರ ಎರಡು.
ಒಂದರ ಗಾಲಿ ಮುರಿದಿದೆ, ಇನ್ನೊಂದಕ್ಕೆ ನನ್ನದೇ ವಯಸ್ಸು.
ಕರೆಂಟು ಹೋದರೆ ಎರಡೂ ಸಮ.
ಜೆಲ್ ಮುಗಿದ ತಿಂಗಳು ಮೇಡಂ ಒಬುರಾ
ಮರಗೆಣಸಿನ ಹಿಟ್ಟಿಗೆ ಉಪ್ಪು ನೀರು ಬೆರೆಸಿ
ಸ್ಟವ್ ಮೇಲೆ ಗಂಜಿಯಂತೆ ಕಾಸಿ ಆರಿಸಿಟ್ಟರು.
ಕುಡಿಯಬೇಡಿ ಎಂದರು.
ಒಗುಟು ಕುಡಿದು ನೋಡಿದ.

ಮೊದಲ ಮೂರು ತಿಂಗಳು ನನಗೆ ಕಂಡದ್ದು ಬೂದಿ.
ಆರಿದ ಒಲೆ ಕೆದಕಿದ ಹಾಗೆ
ಬೂದಿ, ಮಸಿ, ಮತ್ತೆ ಬೂದಿ.
ಇದು ಯಕೃತ್ತು ಎಂದರೆ ಹೂಂ ಎಂದೆ,
ಇದು ಗುಲ್ಮ ಎಂದರೆ ಅದಕ್ಕೂ ಹೂಂ.
ಮಂಚದ ಮೇಲಿನ ಮುದುಕ ಕೇಳಿದ:
"ಮಗಳೇ, ನನ್ನೊಳಗೆ ಏನಿದೆ?"
ನಾವು ಹೇಳುವ ಹಾಗಿಲ್ಲ. ಹೇಳುವವರು ಡಾಕ್ಟರು.
ಗೊತ್ತಿದ್ದೂ ಮುಖ ಸುಮ್ಮನಿರುವುದು ಇಲ್ಲಿಯ ಪಾಠ.
ನನ್ನ ಪಾಡೇ ಬೇರೆ: ಗೊತ್ತಿಲ್ಲದ್ದನ್ನು ಮುಚ್ಚಿಡಬೇಕಿತ್ತು.

ಆಮೇಲೊಂದು ದಿನ, ಯಾವತ್ತು ಅಂತ ಹೇಳಲಾರೆ,
ಬೂದಿ ಬಿರಿಯಿತು.
ಕಪ್ಪಗೆ ಪಿತ್ತಕೋಶ, ಅದರೊಳಗೊಂದು ಕಲ್ಲು,
ಕಲ್ಲಿನ ಹಿಂದೆ ಉದ್ದಕ್ಕೆ ನೆರಳು,
ದುಂಗಾ ದಡದಲ್ಲಿ ಸಂಜೆ ದೋಣಿಗಳಿಗೆ ಬೀಳುವಂಥದು.
ದುಂಗಾದಲ್ಲೇ ಅವ್ವ ಒಮೆನಾ ಒಣಗಿಸಿ ಡಬ್ಬದ ಲೆಕ್ಕದಲ್ಲಿ ಮಾರುತ್ತಾಳೆ.
ಚಂದ್ರನಿಲ್ಲದ ರಾತ್ರಿ ದೀಪ ಹೊತ್ತು ದೋಣಿಗಳು ಹೊರಡುತ್ತವೆ:
ಕರಿ ನೀರು, ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ.
"ನಮ್ಮ ಪರದೆಯೂ ಹೀಗೇ ಇರುತ್ತದೆ" ಎಂದೆ.
"ಇದನ್ನು ನೋಡಲಿಕ್ಕಾ ಫೀಸು ಕಟ್ಟಿದ್ದು?" ಎಂದಳು.

ಗುರುವಾರ ನಮಗೆ ನಾವೇ ರೋಗಿಗಳು.
ನೆಕೆಸಾ ನಾಲ್ಕು ಲೋಟ ನೀರು ಕುಡಿದು ಮಲಗಿದಳು,
ಕಾಲು ಕುಣಿಸುತ್ತ, "ಬೇಗ ಮುಗಿಸು ಅಪೊಂಡಿ,
ಅಣೆಕಟ್ಟು ಒಡೆದರೆ ನನ್ನ ತಪ್ಪಲ್ಲ."
ಬಲಗಡೆ ಸುಲಭ. ಯಕೃತ್ತಿನ ಕಿಟಕಿಯಾಚೆ
ಮೂತ್ರಪಿಂಡ ಧಾರಾಳವಾಗಿ ಕೂತಿತ್ತು.
ಅಳೆದೆ. ಜಾಸ್ತಿ ಎನಿಸಿತು.
ನನ್ನ ಅಳತೆಯೇ ತಪ್ಪಿರಬೇಕೆಂದು ಮತ್ತೆ ಅಳೆದೆ.

ಎಡ ಮೇಲಾಗುವಂತೆ ತಿರುಗಿಸಿದೆ. ಕೈ ತಲೆಯ ಮೇಲೆ.
ಉಸಿರೆಳೆ. ಹಿಡಿ. ಬಿಡು.
ಗುಲ್ಮ ಇತ್ತು. ಅದರಾಚೆ ಕರುಳು,
ಗಾಳಿ, ಗಾಳಿಯ ಮಂಜು.
ಪಕ್ಕೆಲುಬಿನ ಸಂದಿಯಿಂದ ನೋಡಿದೆ, ಬೆನ್ನಿನಿಂದ ನೋಡಿದೆ.
ಉಸಿರೆಳೆ. ಹಿಡಿ.
ಮಣಿಕಟ್ಟು ನೋಯಿತು.
ಮುಂದಿನ ವಾರ ಪರೀಕ್ಷೆ,
ಇಷ್ಟು ದೊಡ್ಡ ಅಂಗ ಸಿಗದವಳನ್ನು ಯಾರು ಪಾಸು ಮಾಡುತ್ತಾರೆ?
ಅವ್ವನ ಮೀನಿನ ಡಬ್ಬಗಳು ಒಂದೊಂದಾಗಿ
ಕಣ್ಣೆದುರು ಬರಿದಾಗುತ್ತಿದ್ದವು.
ನೆಕೆಸಾಳ ಕಾಲು ಯಾವಾಗಲೋ ನಿಂತಿತ್ತು.
ಅವಳು ಪರದೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು.
ಮುಖಕ್ಕೆ ಪಾಠ ಇನ್ನೂ ಬಂದಿರಲಿಲ್ಲ.

ಮೇಡಂ ಬಂದು ಪ್ರೋಬ್ ತೆಗೆದುಕೊಂಡರು.
ನಾನು ಹುಡುಕಿದಲ್ಲೆಲ್ಲ ಹುಡುಕಿದರು, ಅವಸರವಿಲ್ಲದೆ,
ಕತ್ತಲಲ್ಲಿ ಗೋಡೆಗೂಡಿನ ಬೆಂಕಿಪೊಟ್ಟಣ ತಡಕುವವರಂತೆ.
ಆಮೇಲೆ ಕೆಳಗೆ, ತುಂಬಿದ ಮೂತ್ರಕೋಶದ ಆಚೀಚೆ.
"ಬಸಿರಿನಲ್ಲಿ ಅದು ಕೆಳಗೆ ಹುಟ್ಟಿ ಮೇಲೇರಿ ಬರುತ್ತದೆ.
ಕೆಲವಕ್ಕೆ ಸುಸ್ತಾಗಿ ದಾರಿಯಲ್ಲೇ ಕೂತುಬಿಡುತ್ತವೆ."
ಕೂತಿರಲಿಲ್ಲ.
ಫ್ಯಾನು ತಿರುಗುತ್ತಿತ್ತು.
"ಏನು ಬರೆಯುತ್ತೀಯ?"
"ಸಿಗಲಿಲ್ಲ ಅಂತ, ಮೇಡಂ."
"ಸಿಗಲಿಲ್ಲ ಅನ್ನುವುದು ನಿನ್ನ ಸುದ್ದಿ.
ಅವಳ ಸುದ್ದಿ ಬರೆ."

ನೆಕೆಸಾ ಎದ್ದು ಕೂತು ಹೊಟ್ಟೆಯ ಗಂಜಿ ಒರೆಸಿಕೊಂಡಳು.
ಇಪ್ಪತ್ತೆರಡು ವರ್ಷ. ಶಾಲೆಯ ಓಟದಲ್ಲಿ ಎರಡು ಬಹುಮಾನ,
ಲೆಕ್ಕವಿಲ್ಲದಷ್ಟು ಮಲೇರಿಯಾ, ಇವತ್ತಿನ ನಾಲ್ಕು ಲೋಟ,
ಎಲ್ಲ ಒಂದರ ಮೇಲೇ ನಡೆದಿತ್ತು.
"ಅಜ್ಜಿ ಬೈಯುತ್ತಿದ್ದಳು, ನೀನು ಅರೆಬರೆ ಹುಡುಗಿ ಅಂತ," ಎಂದಳು.
ಯಾರೂ ನಗಲಿಲ್ಲ.
"ಮೊದಲು ದಾರಿ ಬಿಡಿ" ಎಂದು ಬಚ್ಚಲಿಗೆ ಓಡಿದಳು.
ನಲ್ಲಿ ಸುರಿಯುವುದು ಕೇಳಿಸಿತು,
ಬೇಕಾದ್ದಕ್ಕಿಂತ ತುಂಬ ಹೊತ್ತು.

ಮೇಡಂ ಡಾಕ್ಟರಿಗೆ ಚೀಟಿ ಬರೆಯುತ್ತಿದ್ದರು.
ನಾನು ನನ್ನ ಪುಸ್ತಕ ತೆರೆದೆ.
ಬಲ: ಹದಿಮೂರು ಪಾಯಿಂಟ್ ಎರಡು ಸೆಂಟಿಮೀಟರ್.
ಎಡ: ಇಲ್ಲ.
ಪೆನ್ನು ಎಷ್ಟು ಒತ್ತಿದ್ದೆನೋ,
ಕೆಳಗಿನ ಹಾಳೆಯಲ್ಲೂ ಶಾಯಿಯಿಲ್ಲದೆ ಮೂಡಿತ್ತು ಅದು,
ನಾಳೆ ಬರುವ ಇನ್ಯಾರದೋ ಹಾಳೆ.